ನಾನು ಜೋಳದ ಹಿಟ್ಟು ಕೇಳಿದ್ದು

ಸಮುದ್ರ ದಾಟದೆ ಪರದೇಶ ಕಂಡವನು ನಾನು! ಧಾರವಾಡದ ಕಡೆಯಿಂದ ಹುಣಸೂರು ತಾಲ್ಲೂಕಿನ ಹನಗೋಡಿಗೆ ಮೇಷ್ಟ್ರಾಗಿ ಹೋದೆ, ಅಷ್ಟೇ. ಕನ್ನಡದವರೆಲ್ಲ ಒಂದೇ ರಾಜ್ಯವಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಈ ಸಂಗತಿಯನ್ನು ನಾನು ಇಳಿದುಕೊಂಡ ಮನೆಯ ಯಜಮಾನಿಗೆ ಯಾರೂ ತಿಳಿಸಿರಲಿಲ್ಲವೆಂದು ಕಾಣುತ್ತದೆ. ತಿಳಿಸಿದ್ದರೂ ಆಕೆ ಒಪ್ಪುತ್ತಿದ್ದರೇ? ಆಕೆಯ ಪ್ರಕಾರ ಲೋಕದಲ್ಲಿ ಎರಡೇ ಭಾಗ. ಒಂದು ಹನಗೋಡು, ಇನ್ನೊಂದು ಅದರಾಚೆಯದು. ಆಕೆಯ ಹೆಸರು ಹೇಳಲಾರೆ. ಮೊಮ್ಮಕ್ಕಳು ಓದು ಕಲಿತಿದ್ದಾರೆ!

ಊರಿನಲ್ಲಿ ಬಾಡಿಗೆಗೆ ಕೋಣೆ ಸಿಗಲಿಲ್ಲ. ನಮ್ಮ ಪೈಕಿ ಹುಡುಗ, ನಮ್ಮನೆಯಲ್ಲೇ ಇರಲಿ ಎಂದು ಆಕೆಯೇ ಮುಂದೆ ಬಂದು ಒಪ್ಪಿಕೊಂಡಿದ್ದರಂತೆ. ನಾನು ಟ್ರಂಕು ಕೆಳಗಿಡುವ ಮೊದಲೇ ಬಾಗಿಲಲ್ಲಿ ಪರೀಕ್ಷೆ ಶುರುವಾಯಿತು.

"ಮೇಷ್ಟ್ರೇ, ಇಟ್ಟು ಉಣ್ತೀರಾ?"

ಬಿಟ್ಟುಹೋದ ಹಕಾರವನ್ನು ನಾನೇ ಸೇರಿಸಿಕೊಂಡೆ. ಹಿಟ್ಟು! ನಮ್ಮ ಕಡೆ ಹಿಟ್ಟನ್ನು ಡಬ್ಬಿಯಲ್ಲಿ ತುಂಬಿಡುತ್ತಾರೆ, ನಾದಿ ರೊಟ್ಟಿ ಬಡಿಯುತ್ತಾರೆ, ಕರು ಹಾಕಿದ ಎಮ್ಮೆಗೆ ನೀರಲ್ಲಿ ಕದಡಿ ಕುಡಿಸುತ್ತಾರೆ. ಅದನ್ನು ಮನುಷ್ಯರು ಉಣ್ಣುವುದುಂಟೆ?

"ಹಿಟ್ಟು ಹ್ಯಾಂಗ ಉಣ್ಣೂದ್ರಿ, ಅವ್ವಾರ?" ಎಂದೆ.

"ಇಟ್ಟು ಉಣ್ಣದೋರೂ ಅವ್ರಾ ಭೂಮಿ ಮ್ಯಾಲೆ! ಅಯ್ಯೋ ಪರದೇಸಿ!" ಎಂದು ಆಕೆ ಗಲ್ಲಕ್ಕೆ ಕೈಯಿಟ್ಟುಕೊಂಡರು. ಅಪ್ಪ, ಅವ್ವ, ನಾಲ್ಕು ಮಂದಿ ಅಣ್ಣತಮ್ಮಂದಿರು ಇರುವ ನಾನು ಪರದೇಶಿಯೇ? ಸಿಟ್ಟು ಬಂತು. ರಾಗಿ ಮುದ್ದೆಯನ್ನೇ ಅಲ್ಲಿ ಹಿಟ್ಟು ಅನ್ನುತ್ತಾರೆಂಬುದು ಅದು ತಟ್ಟೆಗೆ ಬಿದ್ದ ಮೇಲೆ ತಿಳಿಯಿತು. ಹಲ್ಲಿರುವುದು ಏತಕ್ಕೆ ಎಂದುಕೊಂಡು ಒಂದು ತುತ್ತು ಬಾಯಿಗೆ ಹಾಕಿ ಅಗಿದೆ.

"ಶಿವ್ನೇ! ಅಗೀತಾವ್ರೆ! ಬನ್ರಮ್ಮೀ, ಮೇಷ್ಟ್ರು ಇಟ್ಟ ಅಗೀತಾವ್ರೆ ಕಣ್ರಮ್ಮೀ!"

ಅಕ್ಕಪಕ್ಕದ ಹೆಂಗಸರು ಕೈಲಿದ್ದ ಕೆಲಸ ಬಿಟ್ಟು ಓಡಿಬಂದರು. ಅಷ್ಟು ಜನ ಸೇರಿ "ನುಂಗ್ರೀ, ನುಂಗಿ!" ಎಂದು ಹುರಿದುಂಬಿಸುವಾಗ ಬಡಪಾಯಿ ಏನು ಮಾಡಬೇಕು? ನುಂಗಿದೆ. ಅದು ಗಂಟಲಲ್ಲೇ ನಿಂತಿತು. ಆಕೆ ಬೆನ್ನಿಗೆ ಗುದ್ದಿದ ಗುದ್ದು ಈಗಲೂ ಮೋಡ ಕವಿದ ದಿನ ನೆನಪಿಗೆ ಬರುತ್ತದೆ.

ಅವತ್ತಿನಿಂದ ಆಕೆಯೇ ನನ್ನ ದುಭಾಷಿ. ನಾನಾಡುವ ಕನ್ನಡವನ್ನು ಊರವರಿಗೆ ಕನ್ನಡಕ್ಕೆ ಅನುವಾದಿಸುವ ಕೆಲಸವನ್ನು ಯಾರೂ ಕೊಡದೆ ತಾವೇ ವಹಿಸಿಕೊಂಡರು. ಮರುದಿನ ಬೆಳಿಗ್ಗೆ ನಾನು, "ಜಳಕಾ ಮಾಡಬೇಕಾಗೇತ್ರಿ" ಎಂದೆ. ಸ್ನಾನಕ್ಕೆ ನಾವು ಹಾಗೇ ಅನ್ನುವುದು. ಆಕೆ ಪಕ್ಕದ ಮನೆಯಾಕೆಗೆ, "ಚಳುಕಂತೆ ಕಣಮ್ಮೀ, ಬೆನ್ನು ಇಡ್ಕಂಡದೆ. ಬಸ್ನಲ್ಲಿ ಕುಂತು ಬಂದವ್ರಲ್ಲಾ, ಪಾಪ!" ಎಂದು ವಿವರಿಸಿದರು. ನಾನು ತಿದ್ದುವಷ್ಟರಲ್ಲಿ ಆಕೆಯ ಯಜಮಾನರು ಬಿಸಿ ಹರಳೆಣ್ಣೆಯ ಬಟ್ಟಲು ಹಿಡಿದು ಬಂದು ನನ್ನನ್ನು ಬೋರಲು ಮಲಗಿಸಿದರು. ಶಾಲೆಯ ಮೊದಲ ದಿನವೇ ಎಣ್ಣೆ ಸುರಿಸಿಕೊಂಡು ಹೋದೆ!

ಇಷ್ಟಾದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಮುದ್ದೆ ಮಾತ್ರ ಗಂಟಲಲ್ಲಿ ಇಳಿಯಲೇ ಇಲ್ಲ. ನಾಲ್ಕು ದಿನ ಅರೆಹೊಟ್ಟೆಯಲ್ಲಿ ಪಾಠ ಮಾಡಿದೆ. ರೊಟ್ಟಿಯ ನೆನಪಾದರೆ ಕಣ್ಣು ತುಂಬುತ್ತಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಗುರುವಾರ ಕೂತು ಕೆಲಸ ಬಿಡುವ ಅರ್ಜಿ ಬರೆದೆ. ಶನಿವಾರ ಬಸ್ಸು ಹತ್ತುವುದೆಂದು ಗಟ್ಟಿ ಮಾಡಿಕೊಂಡೆ. ನಮ್ಮ ಮನೆತನದಲ್ಲೇ ಮೊದಲ ಸರ್ಕಾರಿ ನೌಕರಿ ಅದು. ಆದೇಶ ಬಂದ ದಿನ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ವಾರ ತುಂಬುವ ಮೊದಲೇ ಹೊಳ್ಳಿ ಹೋಗಿ ಅವ್ವನಿಗೆ ಯಾವ ಮುಖ ತೋರಿಸಲಿ? ಅದನ್ನು ಯೋಚಿಸುವಷ್ಟು ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ.

ಕೊನೆಯದೊಂದು ಪ್ರಯತ್ನವೆಂದು ಆ ಸಂಜೆ ಕೇಳಿದೆ. "ಅವ್ವಾರ, ಇಲ್ಲೆ ಎಲ್ಲ್ಯಾರ ಜ್ವಾಳದ ಹಿಟ್ಟು ಸಿಗತೈತೇನ್ರಿ?"

ಆಕೆಯ ಮುಖ ಅರಳಿತು. "ಅಂಗನ್ನಿ ಮತ್ತೆ! ಬಾಯ್ಬುಟ್ಟು ಯೋಳಬಾರ್ದಾ ಇಷ್ಟ್ ದಿನ!"

ಶುಕ್ರವಾರ ಶಾಲೆ ಮುಗಿಸಿ ಬಂದರೆ ಆಕೆ ಮನೆಯಲ್ಲಿಲ್ಲ. "ಒತ್ತಾರೆನೇ ಉಣಸೂರ್ಗೆ ವೋದ್ಲು, ನಡ್ಕಂಡು" ಎಂದರು ಯಜಮಾನರು. ಹಸಿದವನ ಕೋಪ ನಿಮಗೆ ಗೊತ್ತಲ್ಲ! ನನ್ನನ್ನು ಉಪವಾಸ ಕೆಡವಿ ಪೇಟೆ ಸುತ್ತುತ್ತಿದ್ದಾರಲ್ಲ ಎಂದು ಮನಸ್ಸಿನಲ್ಲೇ ಶಪಿಸಿದೆ. ಹೊತ್ತು ಇಳಿಯುವಾಗ ಆಕೆ ಬಂದರು. ಸೊಂಟದಲ್ಲಿ ಜೋಳದ ಗಂಟು. ಕಾಲು ತೊಳೆದವರೇ ಬೀಸುವ ಕಲ್ಲಿನ ಮುಂದೆ ಕೂತರು. ಅಡುಗೆಮನೆಯತ್ತ ಕಿವಿಯಿಟ್ಟು ರೊಟ್ಟಿ ಬಡಿಯುವ ಸದ್ದಿಗೆ ಕಾದೆ. ಸದ್ದು ಬರಲಿಲ್ಲ. ತಟ್ಟೆ ಬಂತು.

ತಟ್ಟೆಯಲ್ಲಿ ಬೆಳ್ಳಗೆ, ದುಂಡಗೆ, ಹೊಗೆಯಾಡುತ್ತ ಜೋಳದ ಮುದ್ದೆ!

ಕೇಳಿದ್ದು ಹಿಟ್ಟು, ಕೊಟ್ಟಿದ್ದೂ ಹಿಟ್ಟೇ. ಯಾರನ್ನು ಬೈಯಲಿ? ಎದುರಿಗೆ ಆಕೆ ಬೊಬ್ಬೆಯೆದ್ದ ಪಾದ ಚಾಚಿ ಕೂತು ನನ್ನ ಬಾಯನ್ನೇ ನೋಡುತ್ತಿದ್ದರು. ಒಂದು ತುತ್ತು ಮುರಿದೆ. ಅದರಲ್ಲಿ ನಮ್ಮೂರಿನ ಜೋಳದ ವಾಸನೆ ಇತ್ತು. ಅಗಿದೆ. ಈ ಸಲ ಆಕೆ ಬೇಡವೆನ್ನಲಿಲ್ಲ. ಪೂರ್ತಿ ಉಂಡೆ.

"ನಿಮ್ಮವ್ವ ಇಂಗೇ ಮಾಡ್ತಾರಾ?"

"ಥೇಟ್ ಹಿಂಗ ರೀ."

"ಸುಳ್ಳು! ಬುಡಿ, ನಿಮ್ ಮಕ ನೋಡಿದ್ರೇ ತಿಳೀತದೆ. ನಾಳೀಕೆ ಅದೆಂಗೆ ಅಂತ ಯೋಳ್ಕೊಡಿ, ಕಲ್ತ್ಕತೀನಿ." ಆಕೆ ದನಿ ಇಳಿಸಿದರು. "ಈಗ ಆಯಮ್ಮಂಗೆ ಒಂದು ಕಾಗ್ದ ಬರೀರಿ, ಒಟ್ಟೆ ತುಂಬ ಉಂಡೆ ಅಂತ. ಮಗ ಉಂಡ್ನೋ ಇಲ್ವೋ ಅಂತ, ಪಾಪ, ಆ ಜೀವಕ್ಕೆ ಅಲ್ಲಿ ತುತ್ತು ಇಳೀತದಾ?"

ನಾಲ್ಕು ದಿನ ನನ್ನ ಹೊಟ್ಟೆಯ ಯೋಚನೆಯಲ್ಲೇ ಇದ್ದ ನನಗೆ ಅವ್ವನ ಹೊಟ್ಟೆಯ ನೆನಪೇ ಆಗಿರಲಿಲ್ಲ. ಅವ್ವನನ್ನು ಎಂದೂ ಕಾಣದ ಆಕೆಗೆ ಅದು ಗೊತ್ತಿತ್ತು.

ಕಾಗದ ಬರೆದೆ. "ಅವ್ವಾ, ಇಲ್ಲಿ ನನಗ ಉಣಸೋರು ಸಿಕ್ಕಾರ. ನೀ ಊಟ ಮಾಡು. ನಾ ಇಲ್ಲೇ ಇರ್ತೀನಿ."