ಜೊತೆಯಿಲ್ಲದ ಸೀನು

ಕೆಲವರಿಗೆ ಸಿಟ್ಟು ತಡೆಯಲಾಗುವುದಿಲ್ಲ, ಕೆಲವರಿಗೆ ಮಾತು. ನನಗೆ ಸೀನು. ಬರಲಿ, ಅದರಲ್ಲೇನೂ ತಪ್ಪಿಲ್ಲ; ಆದರೆ ಹುಟ್ಟಿದಾಗಿನಿಂದ ನನಗೆ ಬರುವುದು ಒಂದೇ ಒಂದು. ನಮ್ಮ ಕೊಟ್ಟೂರಿನ ಮನೆಯಲ್ಲಿ ಜೋಡಿ ಸೀನು ಶುಭ, ಒಂಟಿ ಸೀನು ಅಪಶಕುನ. ಅಪ್ಪ ಊರಿಗೆ ಹೊರಟರೆ ಅವ್ವ ಮೊದಲು ನನ್ನನ್ನು ಹುಡುಕುತ್ತಿದ್ದಳು. "ಲೇ, ಅಪ್ಪ ಬಸ್ ಹತ್ತೋ ತನಕ ಹಿತ್ತಲದಾಗ ಇರು" ಅನ್ನುತ್ತಿದ್ದಳು. ಒಮ್ಮೆ ಹಿತ್ತಲಿನಿಂದಲೇ ನನ್ನ ಸೀನು ಕೇಳಿಸಿ, ಅಪ್ಪ ಹೊಸ್ತಿಲಿಂದ ಹಿಂದಕ್ಕೆ ಬಂದು, ನೀರು ಕುಡಿದು ಕೂತು ಏಳುವಷ್ಟರಲ್ಲಿ ಕೂಡ್ಲಿಗಿ ಬಸ್ಸು ಹೋಗಿಯೇಬಿಟ್ಟಿತ್ತು. ಪಕ್ಕದ ಮನೆಯ ಮೆಕ್ಯಾನಿಕ್ ಖಾಜಾಸಾಬರು ಸೀನಿದರೆ ದೇವರನ್ನು ಹೊಗಳುತ್ತಿದ್ದರು. ಹುಟ್ಟುವಾಗ ಒಂದು ಗೋಡೆ ಆಚೆ ಹುಟ್ಟಬೇಕಿತ್ತು ಎಂದು ನನಗೆ ಬಹಳ ಸಲ ಅನ್ನಿಸಿದೆ.

ತಂಗಿ ಗಿರಿಜಾಳನ್ನು ನೋಡಲು ಹರಪನಹಳ್ಳಿಯವರು ಬಂದ ದಿನ ಮಾತ್ರ ನನ್ನನ್ನು ಹಿತ್ತಲಿಗೆ ಅಟ್ಟುವಂತಿರಲಿಲ್ಲ, ಹೆಣ್ಣಿನ ಅಣ್ಣನಲ್ಲವೇ. ಮೊದಲು ಬಂದ ಇಬ್ಬರನ್ನು ಗಿರಿಜಾಳೇ ಒಲ್ಲೆ ಅಂದಿದ್ದಳು. ಈ ಹುಡುಗನನ್ನು ಕಂಡು, ಒಳಗೆ ಹೋಗಿ ಅವ್ವನ ಕಿವಿಯಲ್ಲಿ "ಹ್ಞೂಂ" ಅಂದಳು. ಹುಡುಗನ ತಂದೆಯೂ ಒಪ್ಪಿ ಎಲೆ ಅಡಿಕೆಯ ತಟ್ಟೆಗೆ ಕೈ ಚಾಚಿದರು. ಅಷ್ಟರಲ್ಲಿ ಅಡುಗೆಮನೆಯಿಂದ ಮಿರ್ಚಿ ಕರಿಯುವ ಘಾಟು ಬಂತು. ಉಸಿರು ಬಿಗಿಹಿಡಿದೆ, ಕಣ್ಣು ಮುಚ್ಚಿದೆ, ಏನು ಮಾಡಿದರೂ ನಿಲ್ಲಲಿಲ್ಲ. "ಆಕ್ಷೀ!"

ಹಿರಿಯರ ಕೈ ಹಿಂದಕ್ಕೆ ಹೋಯಿತು. "ಯಾಕೋ ಮನಸ್ಸಿಗೆ ಸಮ ಕಾಣ್ತಿಲ್ರಿ. ಇನ್ನೊಂದಿನ ಕುಂತು ಮಾತಾಡಾಣ ಬಿಡ್ರಿ" ಎಂದರು. ಬಾಗಿಲಲ್ಲಿ ನಿಂತ ಗಿರಿಜಾಳ ಕಣ್ಣು ತುಂಬಿತು. ನನಗೆ ನನ್ನ ಮೂಗಿನ ಮೇಲೆ ಅಂಥ ಸಿಟ್ಟು ಎಂದೂ ಬಂದಿರಲಿಲ್ಲ. ಟವೆಲಿನ ತುದಿ ಹೊಸೆದು ಮೂಗಿಗೆ ತುರುಕಿಕೊಂಡೆ. ಬೇಡವೆಂದಾಗ ಬರುವ ಸೀನು ಬೇಕೆಂದಾಗ ಎಲ್ಲಿ ಬಂದೀತು?

ಆಗ ಎದುರಿನಿಂದ "ಆ... ಕ್ಷಿ" ಎಂದು ಕೇಳಿಸಿತು. ಹುಡುಗ ಸೀನಿದ್ದ. ಸೀನಿದ್ದ ಅನ್ನುವುದಕ್ಕಿಂತ ಕಲಿತ ಪಾಠ ಒಪ್ಪಿಸಿದ್ದ ಅನ್ನಬೇಕು. ಎಲ್ಲ ಮುಗಿದ ಮೇಲೆ ನೆನಪಾಗಿ ಕರ್ಚೀಫು ತೆಗೆದ. ಅವರಪ್ಪ ಮಗನ ಮುಖವನ್ನೇ ನೋಡಿದರು, ಆಮೇಲೆ ನಕ್ಕರು. "ಜೋಡಿ ಆತು ಬಿಡ್ರಿ. ತಗಳ್ರಿ ಎಲಿ."

ಮದುವೆಯಾಗಿ ಎಷ್ಟೋ ವರ್ಷವಾಯಿತು. ಶಕುನ ಗಿಕುನ ಎಲ್ಲ ಸುಳ್ಳು, ಬೇಕಿದ್ದರೆ ನನ್ನ ತಂಗಿಯ ಸಂಸಾರ ನೋಡಿ ಎಂದು ನಾನೀಗ ನಾಲ್ಕು ಜನರೆದುರು ವಾದಿಸುತ್ತೇನೆ. ಆದರೆ ಅವಳ ಮನೆಯಿಂದ ಹೊರಡುವಾಗ ಸೀನು ಬಂದರೆ ಚಪ್ಪಲಿ ಮೆಟ್ಟದೆ ಸುಮ್ಮನೆ ನಿಲ್ಲುತ್ತೇನೆ. ಗಿರಿಜಾಳ ಗಂಡ ಒಳಗಿನಿಂದ ಆ ಸುಳ್ಳು ಸೀನು ಸೀನಿದ ಮೇಲೆಯೇ ನಾನು ಹೊರಡುವುದು. ಮೊನ್ನೆ ನಾನು ಸೀನಿದಾಗ ಅವರು ಸ್ನಾನಕ್ಕೆ ಹೋಗಿದ್ದರು. ಕೊಟ್ಟೂರು ಬಸ್ಸು ಹೋದರೆ ಹೋಗಲಿ ಎಂದು ಹೊಸ್ತಿಲ ಒಳಗೇ ಕಾದೆ.