ಅರ್ಧ ಗಂಟೆಗೊಮ್ಮೆ ಎದ್ದುಹೋಗುವ ಮೇಷ್ಟ್ರು

ಮಾನವಂತರಿಗೆ ಪೇಚಿನ ಪ್ರಸಂಗಗಳು ವರ್ಷಕ್ಕೊಂದೋ ಎರಡೋ ಬರುತ್ತವಂತೆ. ನನಗೆ ಅರ್ಧ ಗಂಟೆಗೊಂದು ಬರುತ್ತಿತ್ತು.

ಎಂಬತ್ತರ ದಶಕದ ಮೊದಮೊದಲಿನ ಮಾತು. ನನಗೆ ಐವತ್ತು ದಾಟಿತ್ತು. ಮನೆ ತುಮಕೂರಿನಲ್ಲಿ, ಲೆಕ್ಕದ ಮೇಷ್ಟ್ರ ಕೆಲಸ ಚೇಳೂರು ಕಡೆಯ ಒಂದು ಹೈಸ್ಕೂಲಿನಲ್ಲಿ. ಹಗಲು ಅರ್ಧ ಗಂಟೆಗೊಮ್ಮೆ, ರಾತ್ರಿ ನಾಲ್ಕೈದು ಸಲ ಒಂದಕ್ಕೆ ಏಳಲೇಬೇಕು. ತಡ ಮಾಡಿದರೆ ಪಂಚೆಯ ಗತಿ ದೇವರಿಗೇ ಗೊತ್ತು.

ನನ್ನೊಬ್ಬನ ಮಾನ ಹೋಗುವುದಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು. ಅವಳನ್ನು ನೋಡಲು ಬಂದ ಮೊದಲ ಗಂಡಿನ ಕಡೆಯವರು ಉಪ್ಪಿಟ್ಟು ತಿಂದು ಮುಗಿಸುವುದರೊಳಗೆ ನಾನು ಮೂರು ಸಲ ಎದ್ದುಹೋಗಿದ್ದೆ. "ಅಪ್ಪಂಗೆ ಸಕ್ಕರೆ ಕಾಯಿಲೆ ಇದ್ದಂಗಿದೆ, ನಾಳೆ ಹುಡುಗೀಗೂ ಬರ್ತದೆ" ಅಂತ ಹೇಳಿಕಳಿಸಿ ಸಂಬಂಧ ಬಿಟ್ಟರು. ಮಗಳು ಅಂದು ಉಟ್ಟಿದ್ದ ರೇಷ್ಮೆ ಸೀರೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಅದನ್ನು ನೋಡಿಯೇ ನನಗೆ ಹೆಚ್ಚು ನೋವಾಯಿತು. ಅಂದಿನಿಂದ ನನಗೆ ಎರಡು ಕೆಲಸ: ಹೋಗಿಬರುವುದು, ಹೋಗಿಬಂದದ್ದು ಯಾರಿಗೂ ತಿಳಿಯದಂತೆ ನೋಡಿಕೊಳ್ಳುವುದು.

೧. ಹೋಲ್ಡಾನ್

ಬೆಳಗಿನ ಬಸ್ಸು ಗುಬ್ಬಿ ದಾಟಿದ ಮೇಲೆ ಚೇಳೂರಿನವರೆಗಿನ ದಾರಿ ನನಗೆ ಅಗ್ನಿಪರೀಕ್ಷೆ. ಒಂದು ದಿನ ತಡೆಯಲಾಗದೆ ಕಂಡಕ್ಟರನ ಕಿವಿಯಲ್ಲಿ ಗುಟ್ಟಾಗಿ ವಿಷಯ ಹೇಳಿದೆ. ಆ ಪುಣ್ಯಾತ್ಮ ಇಡೀ ಬಸ್ಸಿಗೆ ಕೇಳುವಂತೆ ಕೂಗಿದ: "ಹೋಲ್ಡಾನ್! ಮೇಷ್ಟ್ರಿಗೆ ಒಂದಕ್ಕಂತೆ!"

ಬಸ್ಸು ನಿಂತಿತು. ತಲೆ ತಗ್ಗಿಸಿ ಇಳಿದೆ. ಹಿಂತಿರುಗಿ ನೋಡಿದರೆ ನನ್ನ ಹಿಂದೆ ಹದಿನೈದು ಇಪ್ಪತ್ತು ಗಂಡಸರು ಇಳಿದು ಬೇಲಿಯುದ್ದಕ್ಕೂ ನಿಂತಿದ್ದಾರೆ. ಇಷ್ಟು ದಿನ ಬಾಯಿ ಬಿಡಲು ಯಾರಿಗೂ ಧೈರ್ಯ ಇರಲಿಲ್ಲ, ಅಷ್ಟೆ.

ಮಾರನೆಯ ದಿನ ಕಾಫಿ ಬಿಟ್ಟು, ನೀರು ಬಿಟ್ಟು, ಗಂಭೀರವಾಗಿ ಕುಳಿತಿದ್ದೆ. ಆ ಬೇಲಿ ಬಂತು, ಹೋಯಿತು. ಹಿಂದಿನ ಸೀಟಿನ ಯಜಮಾನರು ನನ್ನ ಹೆಗಲು ತಟ್ಟಿದರು. "ಏನ್ ಮೇಷ್ಟ್ರೇ, ಇವತ್ತು ನಿಲ್ಲಿಸ್ಲೇ ಇಲ್ವಲ್ಲ! ನಿಮ್ಮನ್ನ ನಂಬ್ಕಂಡು ಎರಡು ಲೋಟ ಕಾಫಿ ಕುಡ್ದು ಬಂದಿದೀನಿ."

೨. ಹೆಡ್‌ಮೇಷ್ಟ್ರ ಅನುಮಾನ

ಮುಕ್ಕಾಲು ಗಂಟೆಯ ಪೀರಿಯಡ್ಡನ್ನು ನಾನು ಎರಡು ಭಾಗ ಮಾಡಿಕೊಂಡಿದ್ದೆ. ಬೋರ್ಡಿನ ಮೇಲೆ ಉದ್ದನೆಯ ಲೆಕ್ಕವೊಂದನ್ನು ಬರೆದು, "ಮಾಡ್ತಿರ್ರೋ, ಬಂದೆ" ಅಂತ ಹಿಂದಿನ ಕಾಂಪೌಂಡಿಗೆ ಓಡುವುದು. ಮಕ್ಕಳು ಕಿರುಬೆರಳು ಎತ್ತಿ "ಸಾರ್, ಒಂದಕ್ಕೆ" ಅಂದರೆ ಮಾತ್ರ, "ಬೆಲ್ ಆಗೋವರೆಗೂ ತಡ್ಕೊಳೋಕಾಗಲ್ವೇನೋ?" ಅಂತ ಗದರುತ್ತಿದ್ದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಒಂದು ದಿನ ಹೆಡ್‌ಮೇಷ್ಟ್ರು ರೂಮಿಗೆ ಕರೆಸಿ ಬಾಗಿಲು ಹಾಕಿಕೊಂಡರು. "ಏನ್ರೀ, ಕ್ಲಾಸ್ ಬಿಟ್ಟು ಬಿಟ್ಟು ಕಾಂಪೌಂಡ್ ಹಿಂದೆ ಹೋಗ್ತೀರಂತೆ. ಬೀಡಿ ಸೇದೋ ಅಭ್ಯಾಸ ಉಂಟೋ?"

ನಿಜ ಹೇಳಿದರೆ ಸ್ಟಾಫ್ ರೂಮು, ಸ್ಟಾಫ್ ರೂಮಿನಿಂದ ಊರು, ಊರಿನಿಂದ ಗಂಡಿನ ಕಡೆಯವರು. ಜನ್ಮದಲ್ಲಿ ಬೀಡಿ ಮುಟ್ಟದ ನಾನು ತಲೆ ತಗ್ಗಿಸಿ, "ಹೌದು ಸಾರ್, ಬಿಡೋಕಾಗ್ತಿಲ್ಲ" ಅಂದೆ.

ಹೆಡ್‌ಮೇಷ್ಟ್ರು ಕಿಟಕಿಯ ಆಚೆ ಈಚೆ ನೋಡಿ ದನಿ ತಗ್ಗಿಸಿದರು. "ನನ್ನ ಮನೆಯವಳು ಬಿಡಿಸಿ ಆರು ತಿಂಗಳಾಯ್ತು ಕಣ್ರೀ. ಎಲ್ಲಿ, ಒಂದು ಕೊಡಿ."

ಆಮೇಲೆ ನನಗೆ ವರ್ಗವಾಗುವವರೆಗೂ ಜೇಬಿನಲ್ಲಿ ಒಂದು ಕಟ್ಟು ಬೀಡಿ ಇಟ್ಟುಕೊಂಡೇ ಸ್ಕೂಲಿಗೆ ಹೋದೆ. ಅದರ ವಾಸನೆಗೆ ನನ್ನ ಹೆಂಡತಿ ಆಡಿದ ಮಾತುಗಳು ಬೇರೆ.

೩. ಪರೀಕ್ಷೆ

ಹೆಂಡತಿಯ ಬಲವಂತಕ್ಕೆ ತುಮಕೂರಿನ ಡಾಕ್ಟರೊಬ್ಬರ ಹತ್ತಿರ ಹೋದೆ. ಕಾಂಪೌಂಡರ್ ಕೈಗೆ ಸಣ್ಣ ಸೀಸೆ ಕೊಟ್ಟು, "ಇದ್ರಲ್ಲಿ ಸ್ವಲ್ಪ ಹಿಡ್ಕೊಂಡು ಬನ್ನಿ" ಅಂದ. ಕೆರೆ ತುಂಬಿಸುವಷ್ಟು ಆತ್ಮವಿಶ್ವಾಸದಿಂದ ಒಳಗೆ ಹೋದೆ. ಕಾಲು ಗಂಟೆ ಕಳೆಯಿತು. ಒಂದು ತೊಟ್ಟು ಬರಲಿಲ್ಲ.

ಕಾಂಪೌಂಡರ್ ಅನುಭವಸ್ಥ. "ಗಾಬರಿ ಬೇಡಿ ಸಾರ್" ಅಂದವನೇ ಹೊರಗಿನ ನಲ್ಲಿ ತಿರುಗಿಸಿ ಬಕೆಟ್ಟಿಗೆ ಸೊರ್ರೆಂದು ನೀರು ಬಿಟ್ಟ. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಸೀಸೆ ತುಂಬಿ, ಸಾಕು ಎಂದರೂ ನಿಲ್ಲಲಿಲ್ಲ. ಬಾಗಿಲು ತೆಗೆದು ನೋಡಿದರೆ ಜ್ವರಕ್ಕೆ, ಕೆಮ್ಮಿಗೆ, ಹಲ್ಲುನೋವಿಗೆ ಬಂದಿದ್ದವರೆಲ್ಲ ಬಾಗಿಲ ಮುಂದೆ ಕ್ಯೂ ನಿಂತಿದ್ದಾರೆ.

ಡಾಕ್ಟರು, "ಸಕ್ಕರೆ ಇಲ್ಲ ಮೇಷ್ಟ್ರೇ. ವಯಸ್ಸಾದ ಗಂಡಸರಿಗೆ ಒಳಗೆ ಒಂದು ಗ್ರಂಥಿ ಊದ್ಕೊಳ್ಳುತ್ತೆ. ಸಂಜೆ ಮೇಲೆ ಕಾಫಿ ಬಿಡಿ, ಮಲಗೋ ಮುಂಚೆ ಹೋಗಿ ಬನ್ನಿ" ಅಂದರು. ಸಕ್ಕರೆ ಇಲ್ಲ ಎಂದು ಒಂದು ಚೀಟಿ ಬರೆಸಿಕೊಂಡು ಬಂದು, ಮಗಳ ಜಾತಕದ ಜೊತೆ ಇಡು ಎಂದು ಹೆಂಡತಿಗೆ ಕೊಟ್ಟೆ.

ಅವಳು ಚೀಟಿಯನ್ನು ಸಾಸಿವೆ ಡಬ್ಬದೊಳಗೆ ತುರುಕಿದಳು. "ನಾನು ಕಳ್ಳ ಅಲ್ಲ ಅಂತ ಚೀಟಿ ಹಿಡ್ಕೊಂಡು ಓಡಾಡೋನನ್ನ ಯಾರ್ರೀ ನಂಬ್ತಾರೆ? ಸುಮ್ನೆ ಬಿಗಿಯಾಗಿ ಕೂತ್ಕೊಳೋದು ಕಲೀರಿ."

೪. ಕೊತ್ತಗೆರೆಯ ಕಳ್ಳರು

ಮುಂದಿನ ಸಂಬಂಧ ಬಂದದ್ದು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಿಂದ. ಹುಡುಗನಿಗೆ ಸರ್ಕಾರಿ ಕೆಲಸ, ಅಪ್ಪ ಬೇಸಾಯಗಾರ. ಗಂಡಿನ ಮನೆ ನೋಡಲು ನಾನೊಬ್ಬನೇ ಹೋದೆ. ಬೆಳಗಿನಿಂದ ಗಂಟಲು ಒಣಗಿಸಿಕೊಂಡು ಹೋಗಿದ್ದೆ. ಹುಡುಗನ ಅಪ್ಪ ಬಿಡಬೇಕಲ್ಲ! ಜಗಲಿಯ ಮೇಲೆ ಕೂರಿಸಿ ಎಳನೀರು ಕೆತ್ತಿಕೊಟ್ಟರು. ಅದು ಮುಗಿಯುವುದರೊಳಗೆ ಇನ್ನೊಂದು. ಆಮೇಲೆ ಮಜ್ಜಿಗೆ. ಆಮೇಲೆ ಕಾಫಿ. ಒಲ್ಲೆ ಎಂದರೆ ಸಂಬಂಧವೇ ಒಲ್ಲೆ ಎಂದಂತೆ. ಕುಡಿದೆ. ಹಲ್ಲು ಕಚ್ಚಿಕೊಂಡು, ಕಾಲಿನ ಮೇಲೆ ಕಾಲು ಹಾಕಿಕೊಂಡು ಕೂತೆ. ಮಾತಿನಲ್ಲಿ ಕೊನೆಯ ಬಸ್ಸೂ ತಪ್ಪಿಹೋಯಿತು. ಅಲ್ಲೇ ಉಳಿಯಬೇಕಾಯಿತು.

ಗಾಳಿ ಬೇಕು ಎಂದು ನೆಪ ಹೇಳಿ ಬಾಗಿಲ ಪಕ್ಕ ಚಾಪೆ ಹಾಸಿಸಿಕೊಂಡೆ. ಮನೆಯೆಲ್ಲ ಮಲಗಿದ ಮೇಲೆ ಮೆಲ್ಲಗೆ ಎದ್ದು ಹುಲ್ಲಿನ ಮೆದೆಯ ಹಿಂದೆ ಹೋಗಿ ಕೂತೆ. ಆಹಾ ಎನ್ನುವಷ್ಟರಲ್ಲಿ ಮೆದೆಯ ಆ ಬದಿಯಿಂದ ಒಂದು ಆಕಾರ ಎದ್ದು ನಿಂತಿತು. ನಾನೂ ಎದ್ದು ನಿಂತೆ. ಇಬ್ಬರೂ ಒಟ್ಟಿಗೆ ಕಿರುಚಿದೆವು: "ಕಳ್ಳ! ಕಳ್ಳ!"

ದೊಣ್ಣೆ, ಲಾಟೀನು ಹಿಡಿದು ಊರೇ ಓಡಿ ಬಂತು. ಲಾಟೀನಿನ ಬೆಳಕಿನಲ್ಲಿ ನೋಡಿದರೆ ನನ್ನೆದುರು ಪಂಚೆ ಸರಿಮಾಡಿಕೊಳ್ಳುತ್ತಾ ನಿಂತಿರುವವರು ಹುಡುಗನ ಅಪ್ಪ!

"ಯಾವ್ ಕಡೀಕ್ ಓಡ್ದ?" ಅಂದರು ಜನ. ನಾನು ತೋಟದ ಕಡೆ ಕೈ ತೋರಿಸಿದೆ. ಅದೇ ಗಳಿಗೆಯಲ್ಲಿ ಅವರು ಕೆರೆಯ ಕಡೆ ಕೈ ತೋರಿಸಿದರು.

"ಹಂಗಾರೆ ಇಬ್ರು ಬಂದವ್ರೆ ಕಣ್ರಲಾ!" ಅಂದಿತು ಊರು. ಬೆಳಗಿನ ಜಾವದವರೆಗೆ ಎರಡು ತಂಡವಾಗಿ ಹುಡುಕಿದರು. ನಾವಿಬ್ಬರೂ ಒಂದೊಂದು ತಂಡದ ಹಿಂದೆ ಹೋಗಿ, ತೆಂಗಿನ ಮರಗಳ ಮರೆಯಲ್ಲಿ ಆರಾಮವಾಗಿ ನಮ್ಮ ನಮ್ಮ ಕೆಲಸ ಮುಗಿಸಿಕೊಂಡೆವು.

ಬೆಳಿಗ್ಗೆ ಅವರು ನನ್ನನ್ನು ಬಾವಿಯ ಹತ್ತಿರ ಕರೆದುಕೊಂಡು ಹೋದರು. "ಮೇಷ್ಟ್ರೇ, ನಿಮ್ಗೂ ಇದೇ ಬಾಧೇನಾ? ನಂಗೂ ಮೂರು ವರ್ಷದಿಂದ. ಹೆಣ್ಣಿನ ಕಡೇರಿಗೆ ಗೊತ್ತಾದ್ರೆ ಬುಟ್ಟೋಯ್ತಾರೆ ಅಂತ ಉಸಿರು ಬುಟ್ಟಿರ್ಲಿಲ್ಲ."

ನನಗೆ ಕಣ್ಣು ತುಂಬಿ ಬಂತು. ಆದರೂ ಕೇಳಿದೆ: "ಕುಡಿದರೆ ಏನಾಗುತ್ತೇಂತ ಗೊತ್ತಿದ್ದೂ ನನಗೆ ಯಾಕೆ ಅಷ್ಟೊಂದು ಎಳನೀರು ಕುಡಿಸಿದ್ರಿ?"

"ನೀವು ಎದ್ದೋದ್ರೆ ದಾರಿ ತೋರ್ಸೋ ನೆಪದಲ್ಲಿ ನಾನೂ ಎದ್ದೋಗಾನ ಅಂತ! ನೀವು ನೋಡುದ್ರೆ ಕಲ್ಲು ನೆಟ್ಟಂಗೆ ಕೂತ್ಬುಟ್ರಲ್ಲ ಸ್ವಾಮಿ!"

೫. ಧಾರೆ

ಕೊತ್ತಗೆರೆಯ ಸಂಬಂಧವೇ ಕುದುರಿತು. ಮದುವೆ ತುಮಕೂರಿನ ಒಂದು ಛತ್ರದಲ್ಲಿ. ಮುಹೂರ್ತಕ್ಕೆ ಮೊದಲು ಎರಡು ಸಲ ಹೋಗಿಬಂದು ಸಿದ್ಧನಾಗಿದ್ದೆ. ಎಲ್ಲವನ್ನೂ ಯೋಚಿಸಿದ್ದ ನಾನು ಧಾರೆಯೊಂದನ್ನು ಮರೆತಿದ್ದೆ.

ಗಂಡು ಹೆಣ್ಣಿನ ಕೈಯಲ್ಲಿ ತೆಂಗಿನಕಾಯಿ, ಕೆಳಗೆ ಹಿತ್ತಾಳೆ ಕೊಳಗ. ಮೊದಲು ನಾನು, ನನ್ನ ಹೆಂಡತಿ ಹಾಲುನೀರು ಎರೆದೆವು. ಅಲ್ಲಿಗೆ ಮುಗಿಯಲಿಲ್ಲ. ಎರಡೂ ಕಡೆಯ ನೆಂಟರೆಲ್ಲ ಒಬ್ಬೊಬ್ಬರಾಗಿ ಬಂದು ಎರೆಯಬೇಕು, ಅಷ್ಟು ಹೊತ್ತೂ ಹೆತ್ತವರು ಅಲ್ಲೇ ನಿಂತಿರಬೇಕು. ಕ್ಯೂ ಛತ್ರದ ಬಾಗಿಲು ದಾಟಿತ್ತು. ಸೊರ್ರ್... ಒಬ್ಬರು. ಸೊರ್ರ್... ಇನ್ನೊಬ್ಬರು. ನನಗೆ ಕಾಂಪೌಂಡರ್ ತಿರುಗಿಸಿದ ನಲ್ಲಿ ನೆನಪಾಯಿತು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದೆ. ಎದುರಿಗೆ ನೋಡಿದರೆ ಬೀಗರೂ ಹಾಗೇ ಬದಲಿಸುತ್ತಿದ್ದಾರೆ. ಇಷ್ಟು ಜನರ ಮುಂದೆ ಹಸೆಮಣೆಯ ಪಕ್ಕ ಪಂಚೆ ಒದ್ದೆಯಾದರೆ ನನ್ನ ಮಗಳು ಜನ್ಮವಿಡೀ ಆ ಮಾತು ಕೇಳಬೇಕು. ಮೈ ಬೆವರಿತು.

ಮಗಳು ಬಾಸಿಂಗದ ಸಂದಿಯಿಂದ ನನ್ನ ಮುಖ ನೋಡಿದಳು. ನೋಡಿದವಳು, ಸುರಿಯುವ ಹಾಲುನೀರಿನ ಕೆಳಗೆ, ತೆಂಗಿನಕಾಯಿ ಹಿಡಿದ ಕೈಯ ಕಿರುಬೆರಳನ್ನು ಮೆಲ್ಲಗೆ ಎತ್ತಿದಳು. ಹೋಗಿ ಬಾಪ್ಪ, ಅಂತ. ಎಷ್ಟೋ ಮಕ್ಕಳನ್ನು ಗದರಿ ಕೂರಿಸಿದ ಮೇಷ್ಟ್ರಿಗೆ ಮಗಳೇ ಪರ್ಮಿಷನ್ ಕೊಟ್ಟಳು.

ಶಲ್ಯದಿಂದ ಮುಖ ಮುಚ್ಚಿಕೊಂಡು ಒಂದೇ ಓಟ ಕಿತ್ತೆ. ಹಿಂದಿನಿಂದ ಬೀಗರ ದನಿ ಕೇಳಿಸಿತು: "ಪಾಪ, ಮೇಷ್ಟ್ರು ಒಬ್ರೇ ಹೋದ್ರು. ತಡೀರಿ, ಸಮಾಧಾನ ಮಾಡಿ ಕರ್ಕಂಡ್ ಬತ್ತೀನಿ!" ಅವರು ನನಗಿಂತ ಮೊದಲು ಹಿತ್ತಲು ಮುಟ್ಟಿದರು.

ನಾವಿಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ವಾಪಸು ಬಂದಾಗ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅಜ್ಜಿಯೊಬ್ಬರು ನನ್ನ ಹೆಂಡತಿಯ ಕೈ ಹಿಡಿದು, "ಎಂಥಾ ಕರುಳು ಕಣವ್ವ ನಿನ್ನ ಗಂಡಂದು! ಮಗಳನ್ನ ಕೊಟ್ಟು ತಡೀಲಾರ್ದೆ ಹೋಗಿ ಅತ್ತು ಬಂದವ್ರೆ. ಬೀಗ್ರೂ ಜೊತೇಲಿ ಅತ್ತವ್ರೆ!" ಅಂದರು.

ನನ್ನ ಹೆಂಡತಿ ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ ಹೇಳಿದಳು:

"ಹೂಂ ಅಜ್ಜಿ. ಊಟಕ್ಕೆ ಮುಂಚೆ ಇಬ್ರೂ ಇನ್ನೊಂದು ಸಲ ಅಳ್ತಾರೆ. ಆ ಹಿತ್ತಲ ಬಾಗಿಲಿಗೆ ಯಾರೂ ಅಡ್ಡ ನಿಲ್ಬೇಡಿ."