ಡಾಕ್ಟರ್ ಧೂಳನ ಎಡಗೆನ್ನೆ

ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿ ಇಟ್ಟವನಿಗೆ ನಗುವಂಥ ಪ್ರಸಂಗಗಳ ಬರ ಇರುವುದಿಲ್ಲ. ಒಯ್ದ ಪುಸ್ತಕ ತಡವಾಗಿ ಬರಬಹುದು, ಪ್ರಸಂಗ ಮಾತ್ರ ದಿನಾ ತಪ್ಪದೆ ಬರುತ್ತದೆ. ನಾನು ಇದಕ್ಕೂ ಮೊದಲು ಏನನ್ನೂ ಬರೆದವನಲ್ಲ. ಓದುವವರಿಗೆ ಅರ್ಥವಾಗದೆ ಹೋದರೆ ಎಂಬ ಹೆದರಿಕೆಯಿಂದ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದೇನೆ. ಪುಣೆಯ ಯೆರವಡಾದಲ್ಲಿ ನನ್ನ ಅಂಗಡಿ. ಅಂಗಡಿ ಎಂದರೆ ಒಂದು ಬಾಗಿಲು, ಮೂರು ಕಪಾಟು, ಹೊರಗೆ ಕೂರಲು ಒಂದು ಬಾಕು, ಅಷ್ಟೇ. ಅಲ್ಲಿಯ ಒಂದು ಕಾಮಿಕ್ಸ್ ಪುಸ್ತಕದಿಂದ ನಮ್ಮ ಓಣಿಯ ಹುಡುಗಿಯೊಬ್ಬಳ ಮದುವೆ ಮುರಿದುಬೀಳುವುದರಲ್ಲಿತ್ತು. ತಪ್ಪು ಪೂರ್ತಿ ನನ್ನದೇ. ಮೊದಲಿನಿಂದ ಹೇಳುತ್ತೇನೆ.

ಬಸಿಯ ಜೊತೆ ಹೋದ ಕೆನ್ನೆ

ಇದು ತೊಂಬತ್ತರ ದಶಕದ ನಡುವಿನ ಮಾತು. ಆಗ ನನ್ನ ಅಂಗಡಿಯಲ್ಲಿ ಎಲ್ಲರೂ ಕೇಳುತ್ತಿದ್ದ ಪುಸ್ತಕ ಒಂದೇ. ಅದು ಹಿಂದಿ ಕಾಮಿಕ್ಸ್, ಅದರ ಖಳನಾಯಕ ಡಾಕ್ಟರ್ ಧೂಳ್. ಅವನು ಒಮ್ಮೆ ಉಫ್ ಎಂದರೆ ಊರಿಗೆ ಊರೇ ಧೂಳಾಗುತ್ತಿತ್ತು. ಪುಣೆಯಲ್ಲಿ ಆ ಕೆಲಸಕ್ಕೆ ಖಳನಾಯಕ ಬೇಕಾಗಿಲ್ಲ, ರಸ್ತೆ ಅಗೆಯುವವರು ಸಾಕು. ಆದರೂ ಜನಕ್ಕೆ ಅವನೆಂದರೆ ಪ್ರಾಣ. ನಾಯಕನ ಹೆಸರು ಯಾರಿಗೂ ನೆನಪಿರಲಿಲ್ಲ, ನನಗೆ ಈಗಲೂ ಇಲ್ಲ.

ಪುಸ್ತಕದ ಒಂದೇ ಪ್ರತಿ ನನ್ನ ಹತ್ತಿರ ಇತ್ತು. ಯಾರೋ ಓದುಗರು ಅದರ ರಕ್ಷಾಪುಟದ ಮೇಲೆ ಚಹಾದ ಬಸಿ, ಅಂದರೆ ಸಾಸರ್, ಇಟ್ಟರು. ಬಸಿಯ ತಳ ಒದ್ದೆ ಇತ್ತು. ಎತ್ತುವಾಗ ಡಾಕ್ಟರ್ ಧೂಳನ ಎಡಗೆನ್ನೆ ಬಸಿಗೆ ಅಂಟಿಕೊಂಡು ಹೋಯಿತು, ಮುಖದಲ್ಲಿ ತೂತು ಉಳಿಯಿತು.

ನಾವು ಬಾಡಿಗೆ ಪುಸ್ತಕದವರು ಹರಿದ ಪುಸ್ತಕವನ್ನು ಎಸೆಯುವುದಿಲ್ಲ, ಹಿಂದಿನಿಂದ ತೇಪೆ ಹಾಕುತ್ತೇವೆ. ಅವತ್ತು ಕೈಗೆ ಸಿಕ್ಕಿದ್ದು ಊದಿನಕಡ್ಡಿಯ ಖಾಲಿ ಪಾಕೀಟು, ಕೆಂಪು ಬಣ್ಣದ್ದು, ಮೇಲೆ ಬಂಗಾರದ ಬಳ್ಳಿಯ ಚಿತ್ರ. ಅದರದೊಂದು ತುಂಡು ಕತ್ತರಿಸಿ ಒಳಗಿನಿಂದ ಅಂಟಿಸಿದೆ. ಹೊರಗಿನಿಂದ ನೋಡಿದರೆ ಡಾಕ್ಟರ್ ಧೂಳನ ಕೆನ್ನೆಯ ಮೇಲೆ ಕೆಂಪು ಗಾಯ, ಗಾಯದ ನಡುವೆ ಬಂಗಾರದ ಗೆರೆ. ಮೊದಲಿಗಿಂತ ಚೆನ್ನಾಗಿಯೇ ಕಂಡ. ಮುಂದಿನ ವಾರ ಆ ಪುಸ್ತಕಕ್ಕೆ ಇನ್ನೂ ಐದು ಜನ ಹೆಸರು ಬರೆಸಿದರು.

ಗಾಯದ ಚರಿತ್ರೆ

ನಮ್ಮದು ಕನ್ನಡದವರೇ ಹೆಚ್ಚಿದ್ದ ಓಣಿ, ಅಲ್ಲಿ ಒಬ್ಬ ಹೆಡ್ ಕ್ಲರ್ಕ್ ಇದ್ದರು. ವಿಜಯಪುರದ ಕಡೆಯವರು, ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೆಲಸ, ದೊಡ್ಡ ದನಿ. ಸಂಜೆ ಆಫೀಸಿನಿಂದ ಬಂದು ನನ್ನ ಬಾಕಿನ ಮೇಲೆ ಕೂತರೆ ಅದೇ ಸಭೆ, ಅವರೇ ಅಧ್ಯಕ್ಷರು. ಆ ವಯಸ್ಸಿನಲ್ಲಿ ಕಾಮಿಕ್ಸ್ ಓದುತ್ತಾರೆಯೇ ಎಂದು ನೀವು ಕೇಳಬಹುದು. ಮಗಳಿಗೆಂದು ಒಯ್ಯುತ್ತಿದ್ದರು, ಆಕೆಗೆ ಸಿಗುವ ಮೊದಲು ತಾವೇ ಎರಡು ಸಲ ಓದುತ್ತಿದ್ದರು.

"ಈ ಗಾಯ ಹೆಂಗಾತು ಗೊತ್ತೇನ್ರಿ?" ಎಂದು ಅವರೇ ಒಂದು ಸಂಜೆ ಶುರು ಮಾಡಿದರು. "ಬಂಗಾರದ ಖಡ್ಗದ ಪೆಟ್ಟು ಇದು. ಅದಕ್ಕ ಅಂವಗ ಬಂಗಾರ ಕಂಡ್ರ ಸಿಟ್ಟು."

ಬಾಕಿನ ಮೇಲಿದ್ದ ನಿವೃತ್ತ ಬಸ್ ಕಂಡಕ್ಟರ್ ಪುಟ ತಿರುವಿ ನೋಡಿದರು. "ಆದ್ರ ಸಾಹೇಬ್ರ, ಒಳಗಿನ ಪುಟದಾಗ ಗಾಯ ಇಲ್ಲಲ್ರೀ?"

ನಾನು ಕಪಾಟಿನ ಕಡೆ ತಿರುಗಿ ಪುಸ್ತಕ ಜೋಡಿಸತೊಡಗಿದೆ. ಹೆಡ್ ಕ್ಲರ್ಕರು ಕದಲಲಿಲ್ಲ. "ಒಳಗ ಮೇಕಪ್ ಮಾಡ್ಕೊಂಡಾನ. ಮಂದ್ಯಾಗ ಅಡ್ಡಾಡಬೇಕಲ್ರೀ. ಹೊರಗಿನ ಪುಟದಾಗಿಂದು ಖರೇ ರೂಪ."

"ಮತ್ತ ಆ ವಾಸನಿ?" ಎಂದರು ಕಂಡಕ್ಟರ್. ಊದಿನಕಡ್ಡಿಯ ಪಾಕೀಟಲ್ಲವೆ, ಪುಸ್ತಕ ತೆರೆದರೆ ಗಂಧದ ವಾಸನೆ ಬರುತ್ತಿತ್ತು.

"ಅದs ಅವನ ಗುರುತು. ಡಾಕ್ಟರ್ ಧೂಳ್ ಬರೂಕಿಂತ ಮೊದಲ ಗಂಧದ ವಾಸನಿ ಬರತದ. ಏನಂತೀರಿ, ಲೈಬ್ರರಿ ಸಾಹೇಬ್ರ?"

ಆಗಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಹೌದೆನ್ನದೆ, ಅಲ್ಲವೆನ್ನದೆ ತಲೆ ಅಲ್ಲಾಡಿಸಿದೆ. ಮರುದಿನದಿಂದ ಓಣಿಯಲ್ಲಿ "ಲೈಬ್ರರಿಯವರೂ ಒಪ್ಯಾರ" ಎಂಬ ಮಾತು ಸಾಕ್ಷಿಯಾಗಿ ಓಡಾಡತೊಡಗಿತು.

ಟಾಕೀಸಿನಲ್ಲಿ ಡಾಕ್ಟರ್

ಹತ್ತು ವರ್ಷ ಕಳೆಯಿತು. ಕಾಮಿಕ್ಸ್ ಓದುವವರು ಕಡಿಮೆಯಾದರು, ಬಾಕಿನ ಸಭೆ ಮಾತ್ರ ಉಳಿಯಿತು. ಆಗ ಡಾಕ್ಟರ್ ಧೂಳನ ಕಥೆ ಹಿಂದಿ ಸಿನಿಮಾ ಆಗಿ ಬಂತು. ನಮ್ಮ ಓಣಿಯವರು ಮ್ಯಾಟಿನಿಗೆ ಹೋಗಿ ಎರಡು ಸಾಲು ಹಿಡಿದೆವು. ಹೆಡ್ ಕ್ಲರ್ಕರು ಜೇಬಿನಲ್ಲಿ ಊದಿನಕಡ್ಡಿ, ಕಡ್ಡಿಪೆಟ್ಟಿಗೆ ತಂದಿದ್ದರು.

"ಇದ್ಯಾಕ್ರಿ?" ಎಂದೆ.

"ಸಿನಿಮಾದವ್ರು ವಾಸನಿ ಹೆಂಗ ತೋರಸ್ತಾರ? ಅದು ನಮ್ಮ ಕೆಲಸ."

ಪರದೆಯ ಮೇಲೆ ಬಾಗಿಲು ತೆರೆಯಿತು, ಡೋಲು ಮೊಳಗಿತು. ಇವರು ಕಡ್ಡಿ ಗೀರಿದರು. ಘಮಘಮ ಹೊಗೆಯ ನಡುವೆ ಡಾಕ್ಟರ್ ಧೂಳ್ ಬಂದು ನಿಂತ. ಎಡಗೆನ್ನೆ ಪೌಡರ್ ಹಚ್ಚಿದ ಕೂಸಿನ ಕೆನ್ನೆಯ ಹಾಗೆ ನುಣ್ಣಗಿತ್ತು. ಗಾಯವಿಲ್ಲ, ಗೆರೆಯಿಲ್ಲ.

"ಮೋಸಾ!" ಎಂದು ನಮ್ಮ ಎರಡೂ ಸಾಲು ಎದ್ದು ನಿಂತಿತು.

ಬ್ಯಾಟರಿ ಹಿಡಿದು ಟಾಕೀಸಿನವನು ಓಡಿ ಬಂದ. "ಕಾಯ್ ಚಾಲ್ಲಂಯ್ ಇಥೇ?" ಏನು ನಡೆದಿದೆ ಇಲ್ಲಿ ಎಂದು ಕೇಳಿ ಕಡ್ಡಿ ಕಿತ್ತುಕೊಂಡ. ನಾವು ತಲೆ ತಗ್ಗಿಸಿ ಕೂತೆವು. ಹಿಂದಿನ ಸಾಲಿನ ಮರಾಠಿ ಅಜ್ಜಿಯೊಬ್ಬರು ಊದಿನಕಡ್ಡಿ ಹಚ್ಚಿದ್ದು ನೋಡಿ, ಎಲ್ಲರೂ ಎದ್ದು ನಿಂತದ್ದೂ ನೋಡಿ, ಪರದೆಗೆ ಕೈ ಮುಗಿದಿದ್ದರು. ಮಧ್ಯಂತರದಲ್ಲಿ ಅವರು ನನ್ನ ಭುಜ ತಟ್ಟಿ ಮೆಲ್ಲಗೆ ಕೇಳಿದರು: "ಪ್ರಸಾದ್ ಕಧೀ ಮಿಳಣಾರ?" ಪ್ರಸಾದ ಯಾವಾಗ ಸಿಗುತ್ತದೆ ಎಂದು.

ಉಪ್ಪಿಟ್ಟಿನ ಚಮಚ ನಿಂತದ್ದು

ಅದಾದ ಮುಂದಿನ ತಿಂಗಳು ಹೆಡ್ ಕ್ಲರ್ಕರ ಮಗಳಿಗೆ ಗಂಡು ಕೂಡಿ ಬಂತು. ಹುಡುಗ ಮೈಸೂರಿನವನು, ಪುಣೆ ಪಕ್ಕದ ಚಾಕಣದ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್. ಹುಡುಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿದ್ದರು, ಉಳಿದದ್ದು ದೊಡ್ಡವರ ಮಾತು. ಹುಡುಗ ಮನೆಗೆ ಬಂದ ಐತವಾರ ನನ್ನನ್ನೂ ಕರೆದಿದ್ದರು.

ಉಪ್ಪಿಟ್ಟು ಬಂತು. ಹೆಡ್ ಕ್ಲರ್ಕರು ಸಂಬಳ ಕೇಳಲಿಲ್ಲ, ಗೋತ್ರ ಕೇಳಲಿಲ್ಲ.

"ಸಿನಿಮಾ ನೋಡಿದ್ರೇನು? ಡಾಕ್ಟರ್ ಧೂಳ್?"

ಹುಡುಗನ ಮುಖ ಅರಳಿತು. "ನೋಡಿದೆ ಸರ್, ಸೂಪರ್! ಚಿಕ್ಕವನಿದ್ದಾಗ ಕನ್ನಡದಲ್ಲಿ ಆ ಕಾಮಿಕ್ಸ್ ಓದಿದ್ದೆ. ಬುಕ್ಕಲ್ಲಿ ಹೇಗಿದ್ನೋ ಎಗ್ಸಾಕ್ಟ್ಲಿ ಹಾಗೇ ತೋರಿಸಿದ್ದಾರೆ."

ಹೆಡ್ ಕ್ಲರ್ಕರ ಚಮಚ ಬಾಯಿಯ ಹತ್ತಿರ ನಿಂತಿತು. "ಹಂಗs? ಮತ್ತ ಗಾಯ ಎಲ್ಲದರೀ?"

"ಯಾವ ಗಾಯ ಸರ್?"

"ಎಡಗೆನ್ನಿ ಮ್ಯಾಲಿಂದು. ಬಂಗಾರದ ಗೆರಿ ಇದ್ದದ್ದು."

"ಇಲ್ಲ ಸರ್, ಅವನಿಗೆ ಗಾಯಾನೇ ಇರ್ಲಿಲ್ಲ."

"ಕನ್ನಡಕ್ಕ ಅನುವಾದ ಮಾಡುವಾಗ ಬಿಟ್ಟಿರಬೇಕು."

"ಸರ್, ಗಾಯನ ಹೇಗ್ ಸರ್ ಅನುವಾದ ಮಾಡ್ತಾರೆ?"

ಹುಡುಗ ಕೇಳಿದ್ದು ಸರಿಯಾಗಿಯೇ ಇತ್ತು, ಕೇಳಬಾರದಿತ್ತು. ಹೆಡ್ ಕ್ಲರ್ಕರು ತಟ್ಟೆ ಕೆಳಗಿಟ್ಟರು. "ಹತ್ತು ವರ್ಷ ಇಡೀ ಓಣಿ ಕಣ್ಣಾರೆ ನೋಡಿದ್ದನ್ನ ಇಲ್ಲ ಅಂತಾನ. ಇಂಥಾಂವ ನಾಳೆ ನನ್ನ ಮಗಳು ಮಾಡಿದ ಅಡಿಗಿ ಉಂಡು, ಉಂಡೇ ಇಲ್ಲ ಅನ್ನೂದಿಲ್ಲಂತ ಏನ ಗ್ಯಾರಂಟಿ? ಕೇಳ್ರಿ, ಲೈಬ್ರರಿಯವ್ರು ಇಲ್ಲೇ ಅದಾರ!"

ಎಲ್ಲರೂ ನನ್ನತ್ತ ನೋಡಿದರು. ನಾನು ಬಾಯಿ ತುಂಬ ಉಪ್ಪಿಟ್ಟು ಹಾಕಿಕೊಂಡೆ. ಬಾಯಿ ತುಂಬಿದವನು ಮಾತಾಡಬೇಕಿಲ್ಲ ಎಂಬುದು ನನ್ನ ಲೆಕ್ಕ.

"ಈ ಸಂಬಂಧ ನನಗ ಬ್ಯಾಡ" ಎಂದು ಹೆಡ್ ಕ್ಲರ್ಕರು ಎದ್ದರು.

ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು: "ನಮ್ಮ ಹುಡುಗನ ಮಾರಿ ಮ್ಯಾಲ ಗಾಯ ಇಲ್ಲಲ್ಲ, ನನಗ ಅಷ್ಟು ಸಾಕ್ರಿ!"

ಒದ್ದೆ ಬಟ್ಟೆಯ ಸಾಕ್ಷಿ

ಸೋಮವಾರ ಶಾಲೆ ಬಿಟ್ಟ ಮೇಲೆ ಹುಡುಗಿ ನೇರ ನನ್ನ ಅಂಗಡಿಗೆ ಬಂದಳು. "ಕಾಕಾ, ಆ ಪುಸ್ತಕ ತೋರಸ್ರಿ." ಕೊಟ್ಟೆ. ರಕ್ಷಾಪುಟವನ್ನು ಬೆಳಕಿಗೆ ಹಿಡಿದಳು, ಉಗುರಿನಿಂದ ಅಂಚು ಮುಟ್ಟಿದಳು. ಗಣಿತದವಳಲ್ಲವೆ, ಎರಡೇ ನಿಮಿಷ ಸಾಕಾಯಿತು.

"ಕಾಕಾ, ಇದು ತ್ಯಾಪಿ."

"ಹೌದವ್ವಾ."

"ಹಚ್ಚಿದವ್ರು?"

"ನಾನs."

"ಅಪ್ಪಾ ಒಂದ ಸಲ ಬ್ಯಾಡ ಅಂದ್ರ ಮುಗೀತು. ಆದ್ರೂ ಹುಡುಗನ್ನ ಅವ್ವ ಬರೂ ಐತವಾರ ಕಡೀ ಮಾತಿಗೆ ಕರಸ್ಯಾಳ. ನೀವ ಬಂದು ಹೇಳಲಿಕ್ಕೇ ಬೇಕು." ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಮಕ್ಕಳಿಗೆ ಹೋಮ್‌ವರ್ಕ್ ಕೊಡುವಾಗಿನದು.

ಆ ವಾರ ನನಗೆ ಊಟ ಸೇರಲಿಲ್ಲ. ಹೇಳದಿದ್ದರೆ ಹುಡುಗಿಯ ಮದುವೆ ಹೋಗುತ್ತದೆ. ಹೇಳಿದರೆ ಹತ್ತು ವರ್ಷ ಓಣಿಯ ಎದುರು ಬಂಗಾರದ ಖಡ್ಗದ ಕಥೆ ಹೇಳಿದ ಹೆಡ್ ಕ್ಲರ್ಕರ ಮಾನ ಹೋಗುತ್ತದೆ. ಮಾನ ಹೋದ ಅಪ್ಪ ಮದುವೆಗೆ ಒಪ್ಪುತ್ತಾನೆಯೇ? ಎರಡೂ ಕಡೆ ನಾನೇ ತಪ್ಪಿತಸ್ಥ.

ಐತವಾರ ಪುಸ್ತಕ ಹಿಡಿದು ಹೋದೆ. ಹುಡುಗ ಗೋಡೆಗೆ ಒರಗಿ ಕೂತಿದ್ದ, ಹೆಡ್ ಕ್ಲರ್ಕರು ಎದುರು ಗೋಡೆಗೆ. ನಾನು ನಿಂತೇ ಹೇಳಿದೆ: ಬಸಿ, ತೂತು, ಪಾಕೀಟು, ಕತ್ತರಿ, ಅಂಟು, ಎಲ್ಲ.

ಹೆಡ್ ಕ್ಲರ್ಕರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಭಾಳ ದೊಡ್ಡ ಮನಸು ನಿಮ್ದು. ನನ್ನ ಮಗಳ ಸಂಬಂಧ ಉಳೀಲಂತ ಇಷ್ಟು ದೊಡ್ಡ ಸುಳ್ಳ ಹೇಳಾಕತ್ತೀರಿ. ಆದ್ರೂ ಸುಳ್ಳ ಸುಳ್ಳs."

ನಿಜ ಹೇಳಿದ್ದಕ್ಕೆ ಹೊಗಳಿಸಿಕೊಂಡು ಸುಳ್ಳುಗಾರನಾದೆ. ಈಗ ಏನು ಮಾಡುವುದು ಎಂದು ನಾನು ನಿಂತಿರುವಾಗ ಹುಡುಗಿ ಒಳಗಿನಿಂದ ಒದ್ದೆ ಬಟ್ಟೆ ತಂದು ಪುಸ್ತಕದ ಪಕ್ಕ ಇಟ್ಟಳು. ನಾನು ರಕ್ಷಾಪುಟದ ಒಳಮೈಗೆ ಬಟ್ಟೆ ಒತ್ತಿ ಹಿಡಿದೆ. ಹಳೆಯ ಅಂಟು ನೆನೆಯಿತು, ತೇಪೆ ಮೆಲ್ಲಗೆ ಬಿಟ್ಟುಬಂತು. ಡಾಕ್ಟರ್ ಧೂಳನ ಕೆನ್ನೆಯ ತೂತಿನಿಂದ ಆಚೆ ಕೂತ ಹುಡುಗನ ಮೂಗು ಕಾಣಿಸಿತು.

ಹೆಡ್ ಕ್ಲರ್ಕರು ತೇಪೆಯನ್ನು ಅಂಗೈ ಮೇಲಿಟ್ಟುಕೊಂಡರು. ಮೂಸಿದರು. ಹತ್ತು ವರ್ಷ ಅಂಟಿನ ಅಡಿಯಲ್ಲಿ ಮುಚ್ಚಿಹೋಗಿದ್ದ ಅಂಚಿನಲ್ಲಿ ಸಣ್ಣ ಅಕ್ಷರಗಳಿದ್ದವು. ಕನ್ನಡಕ ಏರಿಸಿ ಒಮ್ಮೆ ಓದಿದರು, ಇಳಿಸಿ ಒಮ್ಮೆ ಓದಿದರು. ಮುಖ ಕೆಂಪಾಯಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಅವರು ನಿಧಾನವಾಗಿ ಹುಡುಗನತ್ತ ತಿರುಗಿದರು. "'ತಯಾರಿಕೆ: ಮೈಸೂರು' ಅಂತ ಬರದದ. ಅಲ್ರೀ, ನಿಮ್ಮ ಊರಾಗs ತಯಾರಾದ ಗಾಯ, ನಿಮಗs ಗುರುತು ಸಿಗಲಿಲ್ಲೇನ್ರಿ?"

ಹುಡುಗ ಜಾಣ. ಎದ್ದು ನಿಂತು ಹೇಳಿದ, "ತಪ್ಪಾಯ್ತು ಸರ್. ಊರಲ್ಲಿ ಪ್ಯಾಕೆಟ್ ಮೇಲೆ ನೋಡಿದ್ದೆ, ಕೆನ್ನೆ ಮೇಲೆ ನೋಡಿರ್ಲಿಲ್ಲ."

"ನೋಡೀನಿ ಅಂತ ಒಪ್ಪಿಕೊಂಡಾ!" ಹೆಡ್ ಕ್ಲರ್ಕರ ದನಿ ಓಣಿಯ ತುದಿಯವರೆಗೆ ಕೇಳಿಸಿತು. "ಏ, ಸಕ್ಕರಿ ತಗೊಂಡ ಬಾ. ಲಗ್ನ ಗಟ್ಟಿ ಆತು!"

ಎಲ್ಲರ ಬಾಯಲ್ಲಿ ಸಕ್ಕರೆ ಬಿತ್ತು. ನಾನೂ ಹಗುರಾದೆ, ಚಪ್ಪಲಿ ಮೆಟ್ಟಿಕೊಳ್ಳಲು ಬಾಗಿಲಿಗೆ ಬಂದೆ. ಹೆಡ್ ಕ್ಲರ್ಕರು ಹಿಂದೆಯೇ ಬಂದು ಕಿವಿಯ ಹತ್ತಿರ ಬಾಗಿದರು.

"ಲೈಬ್ರರಿ ಸಾಹೇಬ್ರ, ಆ ಊದಿನಕಡ್ಡಿ ಇನ್ನೂ ಸಿಗತಾವೇನ್ರಿ? ಸಿನಿಮಾದವ್ರಿಗೆ ಒಂದು ಪಾಕೀಟು ಟಪಾಲದಾಗ ಕಳಸೂಣು. ಎರಡನೇ ಭಾಗದಾಗರ ಗಾಯ ಸರಿಯಾಗಿ ಹಚ್ಚಲಿ."